ತಲೆಕೆಳಗಾದ ಬೋಗುಣಿಗಳು



ಕಾದಂಬರಿ, ಕವನ ಸಂಕಲನ, ಲಲಿತ ಪ್ರಬಂಧಗಳ ನಡುವೆ ಈ ಸಲ ಸ್ವಲ್ಪ ಬದಲಾವಣೆ ಇರಲಿ. ಪುಸ್ತಕವನ್ನು ಬದಿಗಿಟ್ಟು ಒಂದು ಪಾತ್ರೆಯನ್ನು ಓದೋಣ. ಗಮನಿಸಿ, ಪಾತ್ರವಲ್ಲ, ಪಾತ್ರೆ! ಅನ್ನ ಬಡಿಸಿಕೊಳ್ಳುವಂಥ ಮಣ್ಣಿನ ಬೋಗುಣಿ.

"ಅಮೆರಿಕಕ್ಕೇನು, ಇನ್ನೂರೈವತ್ತು ವರ್ಷದ ಇತಿಹಾಸ" ಎಂಬ ಮಾತು ನಮ್ಮ ಕೂಟಗಳಲ್ಲಿ, ಊರಿನಿಂದ ಬಂದ ನೆಂಟರ ಎದುರಿನಲ್ಲಿ ಆಗಾಗ ಕೇಳಿಬರುತ್ತದೆ. ಆ ಲೆಕ್ಕ ಶುರುವಾಗುವುದಕ್ಕೆ ಎಷ್ಟೋ ಶತಮಾನಗಳ ಮೊದಲು, ಅಂದರೆ ನಮ್ಮಲ್ಲಿ ಕಲ್ಯಾಣದ ಚಾಲುಕ್ಯರು ಆಳುತ್ತಿದ್ದ ಕಾಲಕ್ಕೆ, ಈ ನೆಲದ ಒಂದು ಸಣ್ಣ ಹೊಳೆಯ ದಂಡೆಯಲ್ಲಿ ಕೆಲವರು ಊಟದ ಬೋಗುಣಿಯ ಒಳಮೈಯಲ್ಲಿ ಮೊಲ, ಮೀನು, ಮಿಡತೆ, ಬಾವಲಿ, ಬಸುರಿ, ಬೇಟೆಗಾರರನ್ನು ಬರೆಯುತ್ತಿದ್ದರು. ಅವರಿಗೆ ಲಿಪಿ ಇರಲಿಲ್ಲ. ಅವರ ಭಾಷೆ ಯಾವುದೆಂಬುದು ಯಾರಿಗೂ ಗೊತ್ತಿಲ್ಲ. ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಿದ್ದರು ಎಂಬುದೂ ಉಳಿದಿಲ್ಲ. ಇಂದು ಅವರಿಗಿರುವ ಹೆಸರು 'ಮಿಂಬ್ರೆಸ್'. ಅದು ಬಹಳ ತಡವಾಗಿ ಬಂದ ಸ್ಪ್ಯಾನಿಷರು ಹೊಳೆಗೆ ಇಟ್ಟ ಹೆಸರು. ಬುಟ್ಟಿ ಹೆಣೆಯಲು ಬಳಸುವ ವಿಲ್ಲೋ ಗಿಡದ ಕಡ್ಡಿಗೆ ಅವರು ಹಾಗೆನ್ನುತ್ತಾರೆ.

ಈ ಬೋಗುಣಿಗಳು ಇಂದು ಬಹಳ ಪ್ರಸಿದ್ಧ. ಕಲೆಯ ಪುಸ್ತಕಗಳ ಮುಖಪುಟದಲ್ಲಿವೆ, ಟೀ ಶರ್ಟುಗಳ ಮೇಲಿವೆ. ಹಾಗಿದ್ದೂ ಅವನ್ನು ಬರೀ ಚಿತ್ರಗಳೆಂದು ನೋಡಿದರೆ ಅರ್ಧ ಮಾತ್ರ ಓದಿದಂತೆ ಎಂಬುದು ನಮ್ಮ ಅನಿಸಿಕೆ. ಇನ್ನರ್ಧ ಇದ್ದದ್ದು ಆ ಊರುಗಳ ಮನೆಗಳ ನೆಲದ ಕೆಳಗೆ. ಆ ಅರ್ಧಕ್ಕೆ ಏನಾಯಿತು ಎಂಬುದೇ ಈ ಬರಹದ ವಿಷಯ.

ಹೊಳೆ ಮತ್ತು ಹಳ್ಳಿಗಳು

ನ್ಯೂ ಮೆಕ್ಸಿಕೋ ರಾಜ್ಯದ ನೈಋತ್ಯ ಮೂಲೆಯಲ್ಲಿ ಬ್ಲ್ಯಾಕ್ ರೇಂಜ್ ಎಂಬ ಬೆಟ್ಟಸಾಲಿದೆ. ಮಿಂಬ್ರೆಸ್ ಹೊಳೆ ಅಲ್ಲಿ ಹುಟ್ಟಿ, ದಕ್ಷಿಣಕ್ಕೆ ಹರಿದು, ಡೆಮಿಂಗ್ ಪಟ್ಟಣದ ಹತ್ತಿರ ಮರಳುಗಾಡಿನಲ್ಲಿ ಇಂಗಿಹೋಗುತ್ತದೆ. ಯಾವ ಸಮುದ್ರವನ್ನೂ ಸೇರುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮೀನಿನ ವಿಷಯ ಬಂದಾಗ ಬೇಕಾಗುತ್ತದೆ.

ಈ ಕಣಿವೆಯಲ್ಲಿ ಮೊದಲು ಜನ ನೆಲವನ್ನು ಅಗೆದು, ಅರ್ಧ ಭೂಮಿಯೊಳಗೆ ಇರುವಂತೆ ಮನೆ ಕಟ್ಟಿಕೊಳ್ಳುತ್ತಿದ್ದರು. ಮುಸುಕಿನ ಜೋಳ, ಬೀನ್ಸ್, ಕುಂಬಳ ಬೆಳೆಯುತ್ತಿದ್ದರು, ಜೊತೆಗೆ ಮೊಲ, ಜಿಂಕೆಗಳ ಬೇಟೆ. ಕ್ರಿ.ಶ. 1000ರ ಹೊತ್ತಿಗೆ ಮನೆಗಳು ನೆಲದ ಮೇಲಕ್ಕೆ ಬಂದವು. ಹೊಳೆಯ ಗುಂಡುಕಲ್ಲನ್ನು ಮಣ್ಣಿನಲ್ಲಿ ಕೂರಿಸಿ ಕಟ್ಟಿದ ಗೋಡೆಗಳು, ಒಂದರ ಬೆನ್ನಿಗೆ ಒಂದು ಕೋಣೆ, ಒಳಹೋಗಲು ಎಷ್ಟೋ ಕಡೆ ಚಾವಣಿಯ ಕಿಂಡಿಯಿಂದ ಏಣಿ. ಕುಟುಂಬ ಬೆಳೆದಂತೆ ಕೋಣೆ ಸೇರಿಸುತ್ತ ಹೋಗುವುದು. ನಮ್ಮ ಕಡೆಯ ವಠಾರಗಳು ಬೆಳೆಯುತ್ತಿದ್ದ ರೀತಿ. ಗಲಾಜ್, ಸ್ವಾರ್ಟ್ಸ್, ಮ್ಯಾಟಕ್ಸ್, ನ್ಯಾನ್ ರಾಂಚ್, ಓಲ್ಡ್ ಟೌನ್, ಕ್ಯಾಮರಾನ್ ಕ್ರೀಕ್ ಎಂದೆಲ್ಲ ಇಂದು ಕರೆಯುವುದು ಇಂಥ ಹಳ್ಳಿಗಳನ್ನೇ. ಈ ಹೆಸರುಗಳಲ್ಲಿ ಹೆಚ್ಚಿನವು ಈಚಿನ ಜಮೀನುದಾರರದೋ ರಾಂಚುಗಳದೋ ಹೆಸರುಗಳು. ದೊಡ್ಡ ಊರುಗಳಲ್ಲಿ ನೂರಕ್ಕೂ ಹೆಚ್ಚು ಕೋಣೆಗಳಿದ್ದವು. ಅರಮನೆ ಇಲ್ಲ, ಕೋಟೆ ಇಲ್ಲ, ಒಬ್ಬನ ಮನೆಗಿಂತ ಇನ್ನೊಬ್ಬನ ಮನೆ ಎದ್ದು ಕಾಣುವಷ್ಟು ಭವ್ಯ ಎನ್ನುವಂತೆಯೂ ಇಲ್ಲ.

ನಾವು ಇಂದು ಮೆಚ್ಚಿಕೊಳ್ಳುವ ಚಿತ್ರಗಳೆಲ್ಲ ಬಹುಪಾಲು ಈ ಒಂದು ಅವಧಿಯವು, ಸುಮಾರು 1000ರಿಂದ 1130ರವರೆಗಿನವು. ಐದಾರು ತಲೆಮಾರು, ಅಷ್ಟೇ.

ಬೋಗುಣಿ ಆಗುವ ಬಗೆ

ಇವರ ಬಳಿ ತಿಗರಿ ಇರಲಿಲ್ಲ. ಕುಂಬಾರನ ಚಕ್ರ ಅಮೆರಿಕ ಖಂಡಗಳಿಗೆ ಬಂದದ್ದೇ ಯುರೋಪಿನವರ ಜೊತೆಗೆ. ಮಣ್ಣನ್ನು ಹುರಿಮಾಡಿ, ಚಕ್ಕುಲಿ ಸುತ್ತುವ ಹಾಗೆ ಸುತ್ತುತ್ತ ಮೇಲೇರಿಸಿ, ಆಮೇಲೆ ಕೆರೆದು ನಯಮಾಡುವುದು ಅವರ ಪದ್ಧತಿ. ಸಾಮಾನ್ಯವಾಗಿ 20ರಿಂದ 30 ಸೆಂಟಿಮೀಟರ್ ಅಗಲದ ಅರ್ಧಗೋಲ. ಇಂಥ ಪಾತ್ರೆಗೆ ಕನ್ನಡದಲ್ಲಿ ಬಟ್ಟಲು ಎಂದರೆ ಚಿಕ್ಕದಾಯಿತು, ಬೋಗುಣಿಯೇ ಸರಿ.

ಬೋಗುಣಿಯ ಮಣ್ಣು ಕಂದು. ಅದರ ಒಳಗೆ ಬಿಳಿಯ ಜೇಡಿಮಣ್ಣಿನ ತೆಳು ಲೇಪ ಕೊಟ್ಟು, ಕಬ್ಬಿಣದ ಅಂಶವಿರುವ ಬಣ್ಣದಿಂದ ಚಿತ್ರ ಬರೆಯುತ್ತಿದ್ದರು. ಕುಂಚ ಎಂದರೆ ಯಕ್ಕಾ ಎಂಬ ಕತ್ತಾಳೆಯಂಥ ಗಿಡದ ಎಲೆಯ ನಾರು. ಒಂದೇ ಅಳತೆಯ ದಪ್ಪದಲ್ಲಿ, ಕೈ ನಡುಗದೆ, ಪಕ್ಕಪಕ್ಕದಲ್ಲಿ ಹತ್ತಾರು ಕೂದಲೆಳೆಯ ಗೆರೆಗಳನ್ನು ಬಾಗಿದ ಮೈಯ ಮೇಲೆ ಎಳೆದಿದ್ದಾರೆ. ರಂಗೋಲಿ ಹಾಕಿ ಗೊತ್ತಿರುವವರಿಗೆ ಇದರ ಕಷ್ಟ ಬೇಗ ಅರ್ಥವಾಗುತ್ತದೆ. ಅದೂ ಸಮತಟ್ಟಾದ ಅಂಗಳದಲ್ಲಿ ಅಲ್ಲ, ತಗ್ಗಿನೊಳಗೆ.

ಸುಡುವಾಗ ಬೆಂಕಿಗೆ ಗಾಳಿ ಕಡಿಮೆ ಸಿಕ್ಕರೆ ಕಬ್ಬಿಣದ ಬಣ್ಣ ಕಪ್ಪಾಗುತ್ತದೆ, ಗಾಳಿ ಆಡಿದರೆ ಕೆಂಪು. ಹಾಗಾಗಿ ವಿದ್ವಾಂಸರು 'ಬಿಳಿಯ ಮೇಲೆ ಕಪ್ಪು' ಎಂದು ಕರೆಯುವ ಈ ಪಾತ್ರೆಗಳಲ್ಲಿ ಎಷ್ಟೋ ನಿಜಕ್ಕೂ ಕೆಂಗಂದು. ಕೆಲವು ಒಂದು ಬದಿಗೆ ಕಪ್ಪು, ಇನ್ನೊಂದು ಬದಿಗೆ ಕೆಂಪು. ಬೆಂಕಿಯ ಕಡೆ ಅಂದು ಗಾಳಿ ಯಾವ ದಿಕ್ಕಿನಿಂದ ಬೀಸಿತ್ತೋ ಅದೂ ಪಾತ್ರೆಯ ಮೇಲೆ ದಾಖಲಾಗಿದೆ ಎಂದಾಯಿತು.

ಮಾಡಿದವರು ಯಾರು? ಇಂದಿನ ಪ್ಯೂಬ್ಲೋ ಜನಾಂಗಗಳಲ್ಲಿ ಕುಂಬಾರಿಕೆ ಮೊದಲಿನಿಂದ ಹೆಂಗಸರ ವಿದ್ಯೆ. ನ್ಯಾನ್ ರಾಂಚ್ ಹಳ್ಳಿಯಲ್ಲಿ ಹ್ಯಾರಿ ಶೇಫರ್ ಅವರ ತಂಡ ಅಗೆಯುವಾಗ ಕುಂಬಾರಿಕೆಯ ಸಲಕರಣೆಗಳ ಜೊತೆ ಹೂಳಲಾದ ಒಬ್ಬ ಹೆಂಗಸಿನ ಸಮಾಧಿ ಸಿಕ್ಕಿತು. ಹೀಗಾಗಿ ಬೋಗುಣಿಗಳ ಹಿಂದೆ ಹೆಚ್ಚಾಗಿ ಹೆಣ್ಣಿನ ಕೈ ಇರಬೇಕೆಂದು ವಿದ್ವಾಂಸರ ಎಣಿಕೆ. ಗೆರೆಯ ರೀತಿ, ಕಣ್ಣು ಬರೆಯುವ ಕ್ರಮ ಮುಂತಾದವನ್ನು ಹೋಲಿಸಿ, ಬೇರೆ ಬೇರೆ ಕಡೆ ಚದುರಿದ ಹಲವು ಬೋಗುಣಿಗಳನ್ನು ಒಬ್ಬಳೇ ಬರೆದಿರಬೇಕೆಂದು ಗುರುತಿಸುವ ಪ್ರಯತ್ನವನ್ನೂ ಸ್ಟೀವನ್ ಲೆಬ್ಲಾಂಕ್ ಮಾಡಿದ್ದಾರೆ. ಹೆಸರು ಗೊತ್ತಿಲ್ಲ, ಶೈಲಿ ಗೊತ್ತಿದೆ. ಅಂಕಿತವಿಲ್ಲದ ಪದಗಳನ್ನು ಓದಿ ಕರ್ತೃವನ್ನು ಊಹಿಸಿದ ಅನುಭವವಿರುವ ನಮಗೆ ಇದು ತೀರ ಹೊಸದಲ್ಲ.

ಒಳಗಿನ ಲೋಕ

ಬೋಗುಣಿಗಳಲ್ಲಿ ಹೆಚ್ಚಿನವು ಆಕಾರಗಳ ವಿನ್ಯಾಸ: ತ್ರಿಕೋನ, ಸುರುಳಿ, ಮೆಟ್ಟಿಲು, ಮಿಂಚಿನಂಥ ಅಂಕುಡೊಂಕು. ಜನ, ಪ್ರಾಣಿಗಳು ಬರುವುದು ಉಳಿದವುಗಳಲ್ಲಿ. ಆದರೆ ನೆನಪಿನಲ್ಲಿ ಉಳಿಯುವುದು ಇವೇ.

ಒಂದರಲ್ಲಿ ಹೆಂಗಸು ಹೆರುತ್ತಿದ್ದಾಳೆ, ಮಗುವಿನ ತಲೆ ಆಗಲೇ ಹೊರಗೆ ಬಂದಿದೆ. ಇನ್ನೊಂದರಲ್ಲಿ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಬಾಗಿ ನಡೆಯುವವರು. ಮತ್ತೊಂದರಲ್ಲಿ ಕೊಂಬಿನ ಹಾವಿನ ವೇಷ ತೊಟ್ಟವನೊಬ್ಬ ಇನ್ನೊಬ್ಬನ ತಲೆ ಕಡಿದು ಹಿಡಿದಿದ್ದಾನೆ. ಒಂದು ಪ್ರಾಣಿಯ ಮೈಯೊಳಗೆ ಇನ್ನೊಂದು, ಜಿಂಕೆಯ ಕಾಲು, ಮೀನಿನ ಬಾಲ, ಮನುಷ್ಯನ ಮುಖ ಸೇರಿದ ಜೀವಿಗಳೂ ಇವೆ. ಪ್ಯೂಬ್ಲೋ ಜನಾಂಗಗಳ ಕಥೆಗಳಲ್ಲಿ ಬರುವ ವೀರ ಅವಳಿಗಳು ಕೆಲವು ಚಿತ್ರಗಳಲ್ಲಿದ್ದಾರೆ ಎಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಅಂದರೆ ಬೋಗುಣಿಗಳಲ್ಲಿ ಕೆಲವಾದರೂ ಕಥೆಯ ಒಂದೊಂದು ಸನ್ನಿವೇಶ. ಕೇಳುವವರಿಗೆ ಕಥೆ ಮೊದಲೇ ಗೊತ್ತು, ಆದ್ದರಿಂದ ಒಂದು ದೃಶ್ಯ ಸಾಕು. ದೇವಸ್ಥಾನದ ಗೋಡೆಯಲ್ಲಿ ಬಿಲ್ಲು ಬಗ್ಗಿಸಿ ಮೇಲಿನ ಮೀನಿಗೆ ಗುರಿಯಿಟ್ಟವನನ್ನು ಕಂಡರೆ ನಮಗೆ ಯಾರೂ ದ್ರೌಪದಿಯ ಸ್ವಯಂವರದ ಕಥೆ ಹೇಳಬೇಕಿಲ್ಲವಲ್ಲ, ಹಾಗೆ.

ಈಗ ಮೀನಿನ ವಿಷಯ. 1986ರಲ್ಲಿ ಸ್ಟೀಫನ್ ಜೆಟ್ ಮತ್ತು ಪೀಟರ್ ಮಾಯ್ಲ್ ಎಂಬ ಇಬ್ಬರು ವಿದ್ವಾಂಸರು ಬೋಗುಣಿಗಳಲ್ಲಿನ ಮೀನುಗಳ ಜಾತಿ ಗುರುತಿಸಲು ಕೂತರು. ಅವರು ಗುರುತಿಸಿದವುಗಳಲ್ಲಿ ಬಹುಪಾಲು ಹೊಳೆಯ ಮೀನುಗಳೇ ಅಲ್ಲ, ಸಮುದ್ರದವು, ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯವು! ಸಮುದ್ರ ಸೇರದ ಹೊಳೆಯ ದಂಡೆಯವರು ನೂರಾರು ಕಿಲೋಮೀಟರ್ ಆಚೆಯ ಕಡಲಿನ ಮೀನನ್ನು ಜಾತಿ ಗುರುತಿಸುವಷ್ಟು ಸ್ಪಷ್ಟವಾಗಿ ಬರೆದಿದ್ದಾರೆ. ಅದೇ ಕೊಲ್ಲಿಯ ಚಿಪ್ಪಿನಿಂದ ಮಾಡಿದ ಬಳೆಗಳೂ ಈ ಹಳ್ಳಿಗಳಲ್ಲಿ ಸಿಕ್ಕಿವೆ. ದಕ್ಷಿಣದ ಉಷ್ಣವಲಯದ ಕಾಡಿನಿಂದ ತಂದ ಕೆಂಪು ಮಕಾ ಗಿಳಿಗಳ ಮೂಳೆಗಳೂ ಇಲ್ಲಿವೆ. ಗಿಳಿಗಳ ಜೊತೆ ಇರುವ ಹೆಂಗಸಿನ ಚಿತ್ರ ಒಂದು ಬೋಗುಣಿಯಲ್ಲಿದೆ. ಯಾರೋ ನಡೆದು ಹೋಗಿ ಬಂದಿದ್ದರು. ಕುದುರೆ ಇಲ್ಲ, ಗಾಡಿ ಇಲ್ಲ. ಬೆನ್ನಿನ ಬುಟ್ಟಿ, ಅದರಲ್ಲಿ ಗಿಳಿಮರಿ. ದೂರ ಹೋಗಿ ಬಂದವರು ಊರಿಗೆ ತರುವುದು ಎರಡು: ಸಾಮಾನು ಮತ್ತು ಸುದ್ದಿ. ಮೀನಿನ ಚಿತ್ರ ಎರಡನೆಯದು ಎಂದು ನಮಗೆ ತೋರುತ್ತದೆ.

ನೆಲದ ಕೆಳಗೆ

ಈ ಬೋಗುಣಿಗಳ ತಳದಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ತೂತಿರುತ್ತದೆ. ಮೊಲದ ಹೊಟ್ಟೆಗೋ, ಮೀನಿನ ನಡುವಿಗೋ ಬೇಕೆಂದೇ ಹೊಡೆದ ತೂತು. ಫೋಟೋದಲ್ಲಿ ನೋಡಿದರೆ, ಇಷ್ಟು ಚೆಂದದ ಚಿತ್ರವನ್ನು ಯಾರು ಹಾಳುಮಾಡಿದರಪ್ಪಾ ಎನಿಸುತ್ತದೆ.

ಮಿಂಬ್ರೆಸ್ ಜನ ತಮ್ಮವರು ಸತ್ತಾಗ ಎಷ್ಟೋ ಸಲ ಊರಾಚೆ ಒಯ್ಯುತ್ತಿರಲಿಲ್ಲ. ತಾವು ಬಾಳುವ ಮನೆಯ ನೆಲವನ್ನೇ ಅಗೆದು, ಮೊಣಕಾಲು ಎದೆಗೆ ಮಡಚಿ ಕೂರಿಸಿದಂತೆಯೋ ಮಲಗಿಸಿದಂತೆಯೋ ಹೂಳುತ್ತಿದ್ದರು. ತಲೆಯ ಮೇಲೆ, ಮುಖ ಮುಚ್ಚುವ ಹಾಗೆ, ಒಂದು ಬೋಗುಣಿಯನ್ನು ಕವುಚಿ ಹಾಕುತ್ತಿದ್ದರು. ಅದಕ್ಕೇ ಆ ತೂತು. ಆಮೇಲೆ ಮಣ್ಣು ಮುಚ್ಚಿ, ನೆಲ ಸಾರಿಸಿ, ಅದೇ ಮನೆಯಲ್ಲಿ ಬದುಕು ಮುಂದುವರಿಯುತ್ತಿತ್ತು. ಒಲೆ ಉರಿಯುತ್ತಿತ್ತು, ಜೋಳ ಬೀಸುತ್ತಿದ್ದರು, ಮಕ್ಕಳು ಓಡಾಡುತ್ತಿದ್ದರು. ಕೆಳಗೆ ಅಜ್ಜಿ. ಹಸುಗೂಸುಗಳ ಜೊತೆಗೂ ಬೋಗುಣಿಗಳು ಸಿಕ್ಕಿವೆ. ಸ್ವಾರ್ಟ್ಸ್ ಹಳ್ಳಿಯೊಂದರಲ್ಲೇ ಸುಮಾರು ಒಂದು ಸಾವಿರ ಸಮಾಧಿಗಳು ಕಂಡವು. ನ್ಯಾನ್ ರಾಂಚಿನ ಅಧ್ಯಯನ ಇನ್ನೊಂದು ಮಾತು ಹೇಳುತ್ತದೆ: ಕೆಲವು ಕೋಣೆಗಳ ಕೆಳಗೆ ತಲೆಮಾರುಗಳ ಕಾಲ ಮತ್ತೆ ಮತ್ತೆ ಹೂಳಿದ್ದಾರೆ. ಮನೆತನ ಎನ್ನುವುದು ಅಲ್ಲಿ ಬರೀ ಮಾತಾಗಿರಲಿಲ್ಲ, ಕಾಲ ಕೆಳಗಿನ ನೆಲವೇ ಆಗಿತ್ತು.

ಇವು ಸಮಾಧಿಗೆಂದೇ ಮಾಡಿದ ಪಾತ್ರೆಗಳೇ? ಎಲ್ಲವೂ ಅಲ್ಲ. ಎಷ್ಟೋ ಬೋಗುಣಿಗಳ ಒಳಗೆ ಕೈಯೂ ಸೌಟೂ ತಾಗಿ ತಾಗಿ ಚಿತ್ರ ಸವೆದಿದೆ. ಅಂದರೆ ಮನೆಯವರು ಉಂಡ ಪಾತ್ರೆ. ಊಟ ಮುಗಿಯುತ್ತ ಬಂದಂತೆ ಕೆಳಗಿನಿಂದ ಮೊಲ ಕಾಣಿಸಿಕೊಳ್ಳುತ್ತಿತ್ತು. ಕೊನೆಗೊಮ್ಮೆ ಅದನ್ನೇ ಕವುಚಿದಾಗ ಚಿತ್ರದ ಮುಖ ಸತ್ತವರ ಮುಖಕ್ಕೆ ಎದುರಾಯಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಮ್ಯೂಸಿಯಂನಲ್ಲಿ ಬೋಗುಣಿಯನ್ನು ನೆಟ್ಟಗೆ ನಿಲ್ಲಿಸಿ, ದೀಪ ಹಾಕಿ, ಚಿತ್ರ ನಮ್ಮತ್ತ ತಿರುಗುವಂತೆ ಇಡುತ್ತಾರೆ. ಅದು ಕೊನೆಗೆ ಸೇರಿದ ಜಾಗದಲ್ಲಿ ಚಿತ್ರಕ್ಕೆ ಇದ್ದದ್ದು ಒಬ್ಬರೇ ಓದುಗರು. ಅವರು ಕಣ್ಣು ಮುಚ್ಚಿದ್ದರು. ಬೇರೆಯವರ ಹೆಸರಿಗೆ ಬರೆದ ಕಾಗದವನ್ನು ನಾವು ಓದುತ್ತಿದ್ದೇವೆ.

ತೂತಿನ ಅರ್ಥವೇನು? ಪಾತ್ರೆಯ ಜೀವವನ್ನು ಬಿಡುಗಡೆ ಮಾಡುವುದಕ್ಕೆ ಎಂದು ಒಂದು ವಿವರಣೆ. ಕವುಚಿದ ಬೋಗುಣಿ ಆಕಾಶದ ಗುಮ್ಮಟ, ತೂತು ಒಂದು ಲೋಕದಿಂದ ಇನ್ನೊಂದಕ್ಕೆ ಹೋಗುವ ದಾರಿ ಎಂದು ಇನ್ನೊಂದು. ಭೂಮಿಯ ಕೆಳಗಿನ ಲೋಕದಿಂದ ಮೇಲಕ್ಕೆ ಹತ್ತಿ ಬಂದೆವು ಎಂಬುದು ಪ್ಯೂಬ್ಲೋ ಜನಾಂಗಗಳ ಹುಟ್ಟಿನ ಕಥೆ. ಚಾವಣಿಯ ಕಿಂಡಿಯಿಂದ ಇಳಿದು ಹತ್ತುವ ಮನೆಗಳನ್ನು ನೆನೆದರೆ ಈ ಎರಡನೆಯ ವಿವರಣೆಗೆ ಬಲ ಬರುತ್ತದೆ. ಎರಡೂ ವಿದ್ವಾಂಸರ ಊಹೆಗಳೇ.

ನಮ್ಮ ಕನ್ನಡಕ

ಇಷ್ಟು ಓದುವಷ್ಟರಲ್ಲಿ ನಿಮ್ಮಲ್ಲಿ ಹಲವರಿಗೆ ನಮ್ಮ ಕಡೆಯ ಸಂಸ್ಕಾರ ನೆನಪಾಗಿರಬೇಕು. ಹೆಗಲ ಮೇಲೆ ನೀರಿನ ಮಡಕೆ ಹೊತ್ತು ಸುತ್ತು ಬರುವುದು, ಅದಕ್ಕೆ ತೂತು ಮಾಡುವುದು, ಕೊನೆಗೆ ಹಿಂದಕ್ಕೆ ಬಿಟ್ಟು ಒಡೆಯುವುದು. "ನೋಡಿದಿರಾ, ಅಲ್ಲೂ ಅದೇ!" ಎನ್ನಲು ನಾಲಿಗೆ ತುದಿಯಲ್ಲಿದೆ.

ಹೋಲಿಕೆ ಇದೆ, ಒಪ್ಪೋಣ. ಆದರೆ ಬಿಡಿಸಿ ನೋಡಿದರೆ ದಿಕ್ಕು ತಿರುಗುಮುರುಗು. ನಮ್ಮದು ಆ ಕೆಲಸಕ್ಕೆಂದೇ ತಂದ ಹೊಸ ಮಡಕೆ, ಚೂರಾಗುವುದೇ ಅದರ ಕೆಲಸ. ಅವರದು ಎಷ್ಟೋ ಸಲ ಉಂಡು ಸವೆದ ಮನೆಯ ಬೋಗುಣಿ, ಒಂದು ತೂತು ಬಿಟ್ಟರೆ ಉಳಿದದ್ದು ಇಡಿಯಾಗಿಯೇ ಇರಬೇಕು. ನಮ್ಮಲ್ಲಿ ಮಡಕೆ ಒಡೆದು ಹಿಂದೆ ತಿರುಗಿ ನೋಡದೆ ಬರುತ್ತೇವೆ, ಸತ್ತವರಿಗೂ ಮನೆಗೂ ಇದ್ದ ಕಟ್ಟು ಕಡಿಯಿತು ಎಂದು. ಅವರಲ್ಲಿ ಸತ್ತವರು ಮನೆಯಲ್ಲೇ ಉಳಿಯಲಿ ಎಂದು. ಒಂದೇ ತೂತು, ಎರಡು ವಿರುದ್ಧ ಆಸೆಗಳು.

ಮೊಲದ ಚಿತ್ರವೂ ಹೀಗೆಯೇ ನಮ್ಮನ್ನು ಸೆಳೆಯುತ್ತದೆ. ಗಲಾಜ್ ಹಳ್ಳಿಯ ಒಂದು ಬೋಗುಣಿಯಲ್ಲಿ ಬಿದಿಗೆಯ ಚಂದ್ರನಂತೆ ಬಾಗಿದ ಮೊಲವಿದೆ, ಅದರ ಕಾಲ ಬಳಿ ಕಿರಣಗಳುಳ್ಳ ಒಂದು ಉಂಡೆ. ಶಶಿ, ಶಶಾಂಕ ಎಂದು ಚಂದ್ರನನ್ನು ಮೊಲದ ಹೆಸರಿನಿಂದಲೇ ಕರೆಯುವ ನಮಗೆ ಇದು ಚಂದ್ರ ಎಂದು ಕೂಡಲೇ ತೋರುತ್ತದೆ. ಮೆಕ್ಸಿಕೋದ ಹಳೆಯ ಜನರೂ ಚಂದ್ರನಲ್ಲಿ ಮೊಲವನ್ನೇ ಕಂಡಿದ್ದರು. ಮೊಲ ಇಲ್ಲಿಂದ ಅಲ್ಲಿಗೆ ಹಡಗು ಹತ್ತಿ ಹೋಯಿತೆಂದು ಸಾಧಿಸುವ ಸಂದೇಶಗಳು ನಮ್ಮ ಫೋನುಗಳಿಗೆ ಬರುವುದುಂಟು. ಅಷ್ಟು ದೂರ ಹೋಗಬೇಕಾಗಿಲ್ಲ. ಚಂದ್ರ ಎಲ್ಲರಿಗೂ ಒಬ್ಬನೇ, ಅವನ ಮೈಮೇಲಿನ ಕಲೆಗಳೂ ಅವೇ.

ಈ ಚಿತ್ರದ ಬಗ್ಗೆ ಇನ್ನೊಂದು ಸ್ವಾರಸ್ಯವಿದೆ. 1054ನೇ ಇಸವಿಯ ಜುಲೈ 4ರಂದು ಆಕಾಶದಲ್ಲಿ ಹೊಸ ನಕ್ಷತ್ರವೊಂದು ಕಾಣಿಸಿತೆಂದು ಚೀನಾದ ಜ್ಯೋತಿಷಿಗಳು ಬರೆದಿಟ್ಟಿದ್ದಾರೆ. ಅದು 23 ದಿನ ಹಗಲಿನಲ್ಲೂ ಕಂಡಿತಂತೆ. ಸಿಡಿದ ಆ ನಕ್ಷತ್ರದ ಅವಶೇಷವೇ ಇಂದಿನ ಕ್ರ್ಯಾಬ್ ನೆಬ್ಯುಲಾ. ಮೊಲದ ಕಾಲ ಬಳಿಯ ಉಂಡೆಗೆ ಇರುವ ಕಿರಣಗಳೂ 23. ಚಂದ್ರನ ಪಕ್ಕ ಕಂಡ ಆ ನಕ್ಷತ್ರವೇ ಇದು ಎಂದು ಟೆಕ್ಸಸ್ ವಿಶ್ವವಿದ್ಯಾಲಯದ ಖಗೋಳಶಾಸ್ತ್ರಜ್ಞ ರಾಬರ್ಟ್ ರಾಬಿನ್ಸ್ 1990ರಲ್ಲಿ ಸೂಚಿಸಿದರು. ಕಾಲ ಹೊಂದುತ್ತದೆ. ಆದರೂ ಇದು ಒಂದು ಓದು, ಸಾಕ್ಷಿಯಲ್ಲ. ಕಿರಣ ಎಣಿಸುವುದು ಸುಲಭ, ಬರೆದವಳು ಏನನ್ನು ಎಣಿಸಿದ್ದಳು ಎಂದು ಹೇಳುವುದು ಕಷ್ಟ.

ಅಗೆದವರು, ಬಗೆದವರು

1130ರ ದಶಕದಲ್ಲಿ ದೀರ್ಘ ಬರ ಬಂತು. ಮರದ ಉಂಗುರಗಳನ್ನು ಎಣಿಸಿ ಇದನ್ನು ತಿಳಿಯುತ್ತಾರೆ. ಅಷ್ಟು ಹೊತ್ತಿಗೆ ಹೊಳೆದಂಡೆಯ ಮರಗಳನ್ನು ಕಡಿದಾಗಿತ್ತು, ಬೇಟೆಯೂ ಕಡಿಮೆಯಾಗಿತ್ತು. ದೊಡ್ಡ ಹಳ್ಳಿಗಳು ಖಾಲಿಯಾದವು. ಜನ ನಾಶವಾದರು ಎಂದು ಮೊದಲು ನಂಬಿದ್ದರು. ಕಣಿವೆಯ ಪೂರ್ವಕ್ಕೆ ಮಿಷೆಲ್ ಹೆಗ್ಮನ್ ಮತ್ತು ಮಾರ್ಗರೆಟ್ ನೆಲ್ಸನ್ ನಡೆಸಿದ ಅಧ್ಯಯನ ಬೇರೆಯದನ್ನೇ ತೋರಿಸಿತು: ಅಲ್ಲಿ ಜನ ಹೊಲಮನೆಗಳಂಥ ಸಣ್ಣ ಗುಂಪುಗಳಾಗಿ ಚದುರಿ ಬಾಳಿದರು. ನಿಂತದ್ದು ಚಿತ್ರ. ಬಿಳಿಯ ಬೋಗುಣಿಯಲ್ಲಿ ಮೊಲ ಬರೆಯುವುದನ್ನು ಬಿಟ್ಟು, ಸುತ್ತಮುತ್ತಲಿನ ಬೇರೆ ಬೇರೆ ಬಗೆಯ ಪಾತ್ರೆಗಳನ್ನು ಬಳಸತೊಡಗಿದರು. ಗೋಡೆಗಳು ಕುಸಿದು, ಹಳ್ಳಿಗಳು ದಿಬ್ಬಗಳಾದವು.

1914ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ಜೆ. ವಾಲ್ಟರ್ ಫ್ಯೂಕ್ಸ್, ಡೆಮಿಂಗಿನ ಇ.ಡಿ. ಆಸ್ಬಾರ್ನ್ ಎಂಬವರು ಕಳಿಸಿದ ಫೋಟೋಗಳನ್ನು ನೋಡಿ ಅಲ್ಲಿಗೆ ಬಂದು, ಬೋಗುಣಿಗಳ ಬಗ್ಗೆ ಬರೆದರು. ಲೋಕಕ್ಕೆ ಸುದ್ದಿ ತಿಳಿಯಿತು. ಸುದ್ದಿಯ ಹಿಂದೆಯೇ ಗುದ್ದಲಿ.

ಆ ಕಾಲದಲ್ಲಿ ಸಿಲ್ವರ್ ಸಿಟಿಯಲ್ಲಿ ಬರ್ಟನ್ ಮತ್ತು ಹ್ಯಾರಿಯೆಟ್ ಕಾಸ್ಗ್ರೋವ್ ಎಂಬ ದಂಪತಿ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದರು. ಬೋಗುಣಿಗಾಗಿ ದಿಬ್ಬ ಬಗೆಯುವವರನ್ನು ಕಂಡು ಕಂಗೆಟ್ಟ ಇವರು ಒಂದು ದಿಬ್ಬವನ್ನು ತಾವೇ ಕೊಂಡು, ಓದಿ ಕಲಿತು, ಕ್ರಮವಾಗಿ ಅಗೆದರು. ಇವರ ಕೆಲಸ ಮೆಚ್ಚಿದ ಹಾರ್ವರ್ಡಿನ ಪೀಬಡಿ ಮ್ಯೂಸಿಯಂ ಇವರನ್ನೇ ನೇಮಿಸಿಕೊಂಡಿತು. 1924ರಿಂದ 1927ರವರೆಗೆ ಸ್ವಾರ್ಟ್ಸ್ ಹಳ್ಳಿಯನ್ನು ಅಗೆದು, 1932ರಲ್ಲಿ ವರದಿ ಪ್ರಕಟಿಸಿದರು. ಅದರಲ್ಲಿ ನೂರಾರು ಬೋಗುಣಿಗಳ ಚಿತ್ರಗಳನ್ನು ಒಂದೊಂದಾಗಿ ಕೈಯಿಂದ ಬರೆದವರು ಹ್ಯಾರಿಯೆಟ್. ಮುಖ್ಯವಾದದ್ದು ಏನೆಂದರೆ, ಯಾವ ಬೋಗುಣಿ ಯಾವ ಕೋಣೆಯಲ್ಲಿ, ಯಾರ ಜೊತೆ ಇತ್ತು ಎಂದು ಅವರು ಗುರುತು ಹಾಕಿಕೊಂಡರು.

ಈ ಗುರುತೇ ಸರ್ವಸ್ವ. ಬೋಗುಣಿ ಒಂದು ಪದವಾದರೆ ಕೋಣೆ ಅದರ ವಾಕ್ಯ. ನಿಘಂಟಿನಿಂದ ಪದ ಕಿತ್ತರೆ ಹೆಚ್ಚು ನಷ್ಟವಿಲ್ಲ, ಕವಿತೆಯಿಂದ ಕಿತ್ತರೆ ಎರಡೂ ಹೋಗುತ್ತವೆ.

1960, 70ರ ದಶಕಗಳಲ್ಲಿ ಕಲಾ ಮಾರುಕಟ್ಟೆಯಲ್ಲಿ ಬೋಗುಣಿಗಳ ಬೆಲೆ ಏರಿತು. ಖಾಸಗಿ ಜಮೀನಿನಲ್ಲಿ ಅಗೆಯುವುದನ್ನು ಅಮೆರಿಕದ ಕೇಂದ್ರದ ಕಾನೂನು ತಡೆಯುತ್ತಿರಲಿಲ್ಲ. ಗುದ್ದಲಿಯ ಜಾಗಕ್ಕೆ ಬುಲ್ಡೋಜರ್ ಬಂತು. ನೆಲವನ್ನು ಪದರ ಪದರವಾಗಿ ಕೆರೆದು, ಬಿಳಿ ಕಂಡಲ್ಲಿ ಇಳಿದು ಎತ್ತುವುದು. ಒಂದು ಇಡೀ ಬೋಗುಣಿ ಸಿಗುವಷ್ಟರಲ್ಲಿ ಎಷ್ಟು ಪುಡಿಯಾದವೋ, ಗೋಡೆ, ಒಲೆ, ಮೂಳೆಗಳ ಗತಿ ಏನಾಯಿತೋ. ಮೊಲದ ಬೋಗುಣಿ ಕೊಟ್ಟ ಗಲಾಜ್ ಹಳ್ಳಿಯನ್ನು 1970ರ ದಶಕದಲ್ಲಿ ಹೀಗೇ ನೆಲಸಮ ಮಾಡಿದರು. ನೂರಕ್ಕೂ ಹೆಚ್ಚು ಕೋಣೆಗಳಿದ್ದ ಊರು ಈಗ ಇಲ್ಲ.

ಅದೇ ದಶಕದಲ್ಲಿ ಸ್ಟೀವನ್ ಲೆಬ್ಲಾಂಕ್ ಮತ್ತು ಸಂಗಡಿಗರು ಮಿಂಬ್ರೆಸ್ ಫೌಂಡೇಶನ್ ಕಟ್ಟಿ, ಲೂಟಿಯಾದ ದಿಬ್ಬಗಳಲ್ಲಿ ಉಳಿದ ಚೂರುಪಾರನ್ನು ಅಗೆಯಲು ಹೊರಟರು. ಗಲಾಜ್ ಬಗ್ಗೆ ರೋಜರ್ ಆನ್ಯನ್ ಮತ್ತು ಲೆಬ್ಲಾಂಕ್ 1984ರಲ್ಲಿ ಒಂದು ದೊಡ್ಡ ಪುಸ್ತಕ ತಂದರು. 1920, 30ರ ದಶಕಗಳಲ್ಲಿ ಅಲ್ಲಿ ಅಗೆದವರ ಹಳೆಯ ಟಿಪ್ಪಣಿ, ನಕ್ಷೆ, ಫೋಟೋಗಳನ್ನೆಲ್ಲ ಕೂಡಿಸಿ, ಇಲ್ಲದ ಊರನ್ನು ಕಾಗದದ ಮೇಲೆ ಕಟ್ಟಿದರು. ಗೆದ್ದಲು ತಿಂದ ಓಲೆಗರಿಗಳಿಂದ ಕಾವ್ಯವನ್ನು ಸಂಪಾದಿಸಿದ ನಮ್ಮ ಹಿರಿಯರ ಕೆಲಸದ ಜಾತಿಯದು ಇದು. ಲೆಬ್ಲಾಂಕ್ ಮತ್ತು ಹೆಗ್ಮನ್ ಮುಂದೆ ಎಲ್ಲೆಲ್ಲೋ ಚದುರಿದ ಸುಮಾರು ಹತ್ತು ಸಾವಿರ ಪಾತ್ರೆಗಳ ಚಿತ್ರಕೋಶವನ್ನೂ ಸಿದ್ಧಪಡಿಸಿದರು. ಅದರಲ್ಲಿ ಎಷ್ಟೋ ಬೋಗುಣಿಗಳಿಗೆ ಊರಿನ ಹೆಸರೇ ಇಲ್ಲ. ಚಿತ್ರವಿದೆ, ವಿಳಾಸವಿಲ್ಲ.

ಇದರ ನಡುವೆ ಒಂದು ವಿಚಿತ್ರವೂ ನಡೆಯಿತು. 1930ರ ದಶಕದಲ್ಲಿ ಸಾಂಟಾ ಫೆ ರೈಲ್ವೆಯ 'ಸೂಪರ್ ಚೀಫ್' ರೈಲಿನ ಊಟದ ಡಬ್ಬಿಗೆಂದು ಮೇರಿ ಕೋಲ್ಟರ್ ಪಿಂಗಾಣಿ ತಟ್ಟೆಗಳನ್ನು ವಿನ್ಯಾಸ ಮಾಡಿದರು. ಅವುಗಳ ಮೇಲೆ ಮಿಂಬ್ರೆಸ್ ಮೊಲ, ಹಕ್ಕಿ, ಮೀನುಗಳು. ಎಂಟು ಶತಮಾನಗಳ ಬಳಿಕ ಆ ಪ್ರಾಣಿಗಳು ಮತ್ತೆ ಊಟದ ಪಾತ್ರೆಗೆ ಬಂದವು. ತೂತು ಮಾತ್ರ ಇರಲಿಲ್ಲ.

ಮೊಮ್ಮಕ್ಕಳ ಮಾತು

ಇಷ್ಟೂ ಹೊತ್ತು 'ಹಳೆಯ ಜನ' ಎಂದೆವು. ಅವರ ವಂಶದವರು ಇದ್ದಾರೆ. ಆಕೋಮ, ಜೂನಿ, ಹೋಪಿ, ಲಗೂನಾ ಮುಂತಾದ ಪ್ಯೂಬ್ಲೋ ಸಮುದಾಯಗಳು ಈ ಜನರೊಂದಿಗೆ ತಮ್ಮ ನಂಟನ್ನು ಹೇಳುತ್ತವೆ. ಆಕೋಮದ ಹೆಸರಾಂತ ಕುಂಬಾರಗಿತ್ತಿ ಲೂಸಿ ಲೂಯಿಸ್ (1992ರಲ್ಲಿ ತೀರಿಕೊಂಡರು) ಇಪ್ಪತ್ತನೆಯ ಶತಮಾನದಲ್ಲಿ ಮಿಂಬ್ರೆಸ್ ವಿನ್ಯಾಸಗಳನ್ನು ತಮ್ಮ ಮಡಕೆಗಳಲ್ಲಿ ಮತ್ತೆ ಬರೆದರು, ಅವರ ಮಕ್ಕಳೂ ಮುಂದುವರಿಸಿದರು. ಮ್ಯೂಸಿಯಂ ಗಾಜಿನ ಹಿಂದೆ ಇದ್ದ ಗೆರೆ ಮತ್ತೆ ಒಂದು ಮನೆಯ ಕೈಗೆ ಬಂದಿತು.

ಕಾನೂನೂ ನಿಧಾನವಾಗಿ ಬಂತು. 1989ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯ, ಖಾಸಗಿ ಜಮೀನಿನಲ್ಲಾದರೂ ಗುರುತಿಲ್ಲದ ಸಮಾಧಿಗಳನ್ನು ಪರವಾನಗಿ ಇಲ್ಲದೆ ಅಗೆಯುವುದನ್ನು ಅಪರಾಧವೆಂದು ಘೋಷಿಸಿತು. 1990ರ ಕೇಂದ್ರ ಕಾಯಿದೆ, ಮೂಲನಿವಾಸಿಗಳ ಮೂಳೆಗಳನ್ನೂ ಸಮಾಧಿಯ ವಸ್ತುಗಳನ್ನೂ ಅವರ ವಂಶಸ್ಥರಿಗೆ ಮರಳಿಸುವ ದಾರಿ ತೆರೆಯಿತು. 2024ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ನಿಯಮಗಳ ಪ್ರಕಾರ ಇಂಥ ವಸ್ತುಗಳನ್ನು ಪ್ರದರ್ಶಿಸುವುದಕ್ಕೂ ಅಧ್ಯಯನ ಮಾಡುವುದಕ್ಕೂ ಮೊದಲು ಮ್ಯೂಸಿಯಂಗಳು ಆ ಸಮುದಾಯಗಳ ಒಪ್ಪಿಗೆ ಪಡೆಯಬೇಕು. ಹಲವು ಕಡೆ ಗಾಜಿನ ಕಪಾಟುಗಳಿಗೆ ಪರದೆ ಬಿದ್ದಿತು.

ಈ ವಿಷಯದಲ್ಲಿ ನಮ್ಮ ಬಳಗದಲ್ಲೇ ಎರಡು ಅಭಿಪ್ರಾಯಗಳಿವೆ. ಕಲೆ ಲೋಕದ ಸೊತ್ತು, ಮುಚ್ಚಿಟ್ಟರೆ ಕಲಿಯುವುದು ಹೇಗೆ ಎಂದು ಕೆಲವರು. ನಮ್ಮ ಅಜ್ಜಿಯ ಮುಖದ ಮೇಲಿಂದ ಎತ್ತಿಕೊಂಡ ಬಟ್ಟೆಯನ್ನು ಗಾಜಿನೊಳಗೆ ತೂಗಿಹಾಕಿದರೆ ಒಪ್ಪುತ್ತೇವೆಯೇ ಎಂದು ಇನ್ನು ಕೆಲವರು. ಎರಡೂ ಮಾತಿನಲ್ಲಿ ತೂಕವಿದೆ. ನಮಗೆ ತೋರುವುದು ಇಷ್ಟು: ಒಪ್ಪಿಗೆ ಕೇಳಿದರೆ ಓದು ಮುಗಿದುಹೋಗುವುದಿಲ್ಲ. ಬೋಗುಣಿಯ ಅರ್ಥದ ಬಗ್ಗೆ ಹೇಳಲು ಏನಾದರೂ ಇರುವವರು ಇಂದು ಯಾರಾದರೂ ಇದ್ದರೆ ಅದು ಆ ಸಮುದಾಯಗಳಲ್ಲೇ. ಹೇಳಬೇಕೋ ಬೇಡವೋ ಎಂಬುದನ್ನೂ ಅವರೇ ತೀರ್ಮಾನಿಸಬೇಕು. ಇಷ್ಟು ಕಾಲ ಅವರನ್ನು ಬಿಟ್ಟು ಉಳಿದವರೆಲ್ಲ ಓದಿದ್ದಾಯಿತು.

ಆ ಕಾರಣಕ್ಕೇ ಈ ಪತ್ರದ ಜೊತೆ ಬೋಗುಣಿಗಳ ಚಿತ್ರಗಳನ್ನು ಲಗತ್ತಿಸಿಲ್ಲ. ಮಾತಿನಲ್ಲಿ ಎಷ್ಟು ಕಾಣಿಸಬಹುದೋ ಅಷ್ಟು ಕಾಣಿಸಲು ಪ್ರಯತ್ನಿಸಿದ್ದೇವೆ. ಸಾಹಿತ್ಯದ ಬಳಗಕ್ಕೆ ಅದು ಕಷ್ಟವಾಗಬಾರದು.

ಹೋಗಿ ನೋಡಬೇಕೆನಿಸಿದರೆ ಮಿಂಬ್ರೆಸ್ ಕಣಿವೆಯಲ್ಲಿ ಮ್ಯಾಟಕ್ಸ್ ಹಳ್ಳಿಯ ಜಾಗವನ್ನು ಪಾರಂಪರಿಕ ತಾಣವಾಗಿ ಉಳಿಸಿದ್ದಾರೆ. ಸಿಲ್ವರ್ ಸಿಟಿಯಲ್ಲಿ ವೆಸ್ಟರ್ನ್ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಮ್ಯೂಸಿಯಂ ಇದೆ. ಏನು ಪ್ರದರ್ಶನದಲ್ಲಿದೆ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ. ಹಳ್ಳಿಯ ಜಾಗದಲ್ಲಿ ಕಾಣುವುದು ಹೆಚ್ಚೇನಿಲ್ಲ. ತಗ್ಗುದಿಣ್ಣೆ, ಸಾಲು ಹಿಡಿದ ಕೆಲವು ಗುಂಡುಕಲ್ಲು, ಸ್ವಲ್ಪ ದೂರದಲ್ಲಿ ಹೊಳೆಯ ಮರಗಳ ಹಸಿರು. ಕಾಲಿಗೆ ಮಣ್ಣಿನ ಚೂರು ಸಿಕ್ಕರೆ ಎತ್ತಿಕೊಳ್ಳಬೇಡಿ, ಇದ್ದಲ್ಲೇ ಇರಲಿ. ಹರಾಜಿನಲ್ಲೋ ಅಂಗಡಿಯಲ್ಲೋ 'ಅಸಲಿ ಮಿಂಬ್ರೆಸ್' ಎಂದು ಯಾರಾದರೂ ತೋರಿಸಿದರೆ, ಅದು ಯಾವ ಊರಿನದು, ಯಾವ ಮನೆಯದು ಎಂದು ಕೇಳಿ. ಉತ್ತರ ಬರದಿದ್ದರೆ ಅಲ್ಲಿಗೆ ಬಿಡಿ. ಮನೆಗೆ ಒಯ್ಯಲೇಬೇಕೆಂದರೆ ಇಂದಿನ ಆಕೋಮ ಕುಂಬಾರರು ತಾವೇ ಮಾಡಿ, ತಮ್ಮ ಹೆಸರು ಬರೆದು ಮಾರುವ ಮಡಕೆಗಳಿವೆ. ಅವಕ್ಕೆ ತೂತು ಹೊಡೆದಿಲ್ಲ.